ಗಟ್ಟಿ ಪುಡಿ ಮತ್ತು ನಮ್ಮಿಬ್ಬರ ತೂಕ

ಹೊನ್ನಾವರದಲ್ಲಿ ಮಾವನವರು ಇಟ್ಟಿದ್ದ ಕಿರಾಣಿ ಅಂಗಡಿಯನ್ನು ನಾನು ಕೇಕ್ ಸಾಮಾನಿನ ಅಂಗಡಿ ಮಾಡಿದ್ದು ಲಾಕ್‌ಡೌನ್ ಮುಗಿದ ಮೇಲೆ. ಮನೆಯಲ್ಲೇ ಕುಳಿತ ಹೆಂಗಸರು ಆಗ ಫೋನು ನೋಡಿಕೊಂಡು ಕೇಕ್, ಐಸ್‌ಕ್ರೀಮ್ ಮಾಡಲು ಕಲಿತಿದ್ದರು. ಮೈದಾ, ಸಕ್ಕರೆ ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಕೋಕೋ ಪುಡಿ, ಬಣ್ಣ, ಎಸೆನ್ಸು, ಕಾಗದದ ಬಟ್ಟಲು ಬೇಕೆಂದರೆ ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ತರಿಸಬೇಕಿತ್ತು. ನಾನು ತರಿಸಿ ಇಟ್ಟೆ. ಬೇಳೆ, ಬೆಲ್ಲದ ಡಬ್ಬಿಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಗಂಡ ಮೊದಮೊದಲು ಗೊಣಗಿದರು, ಆಮೇಲೆ ಸುಮ್ಮನಾದರು.

ತರಿಸಿದ ಸಾಮಾನಿನಲ್ಲಿ ಒಂದು ಬಿಳಿ ಪುಡಿ ಇತ್ತು. ಮೂಟೆಯ ಮೇಲೆ ಸಿಎಂಸಿ ಎಂದು ಬರೆದಿರುತ್ತಿತ್ತು. ನಮ್ಮ ಕಡೆಯ ಹೆಂಗಸರು ಅದನ್ನು ಗಟ್ಟಿ ಪುಡಿ ಎಂದೇ ಕೇಳುತ್ತಿದ್ದರು. ಕಾಯಿಸಿದ ಹಾಲಿಗೆ ಇದನ್ನು ಸ್ವಲ್ಪ ಬೆರೆಸಿದರೆ ಐಸ್‌ಕ್ರೀಮಿನಲ್ಲಿ ಮಂಜಿನ ಹರಳು ಕಟ್ಟುವುದಿಲ್ಲ, ಬೇಗ ಕರಗುವುದಿಲ್ಲ, ಚಮಚ ಹಾಕಿದರೆ ರೇಷ್ಮೆಯ ಹಾಗೆ ಬರುತ್ತದೆ. ಮೊಟ್ಟೆಯಿಲ್ಲದ ಕೇಕಿಗೂ ಬೇಕು, ಅಂಗಡಿಯ ಸಾಸಿಗೂ ಬೇಕು. ನಾನು ಅದನ್ನು ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಹಣದ ಗಲ್ಲೆಯ ಪಕ್ಕದಲ್ಲೇ ತೂಗು ಹಾಕಿದ್ದೆ. ಅದು ಯಾವುದರಿಂದ ಆಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಭಾನುವಾರ ಅಂಗಡಿಯ ಮಹಡಿಯಲ್ಲಿ ಕ್ಲಾಸು ನಡೆಸುತ್ತಿದ್ದೆ. ಏಳೆಂಟು ಹೆಂಗಸರು ಬರುತ್ತಿದ್ದರು. ಅವರು ಮಾಡಿದ್ದನ್ನೆಲ್ಲ ನಾನು ರುಚಿ ನೋಡಬೇಕಿತ್ತು, ನೋಡದಿದ್ದರೆ ಅವರಿಗೆ ಬೇಸರ. ಅಂಗಡಿ ಶುರು ಮಾಡಿದ ಮೂರು ವರ್ಷದಲ್ಲಿ ನನ್ನ ರವಿಕೆಗಳನ್ನೆಲ್ಲ ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮೈದಾ ಮೂಟೆ ತೂಗುವ ಕಾಟಾದ ಮೇಲೆ ನಿಂತು ನೋಡಿದೆ. ಎಂಬತ್ತೊಂದು ಕಿಲೋ. ಇಳಿದು ಮತ್ತೆ ಹತ್ತಿದೆ. ಅಷ್ಟೇ ಇತ್ತು. ಐವತ್ತನಾಲ್ಕು ವರ್ಷದ ಹೆಂಗಸಿಗೆ ಇದು ಸಹಜವೆಂದುಕೊಂಡು ಕೆಲಸಕ್ಕೆ ಕೂತೆ.

ತಿಂಗಳಿಗೆ ಎರಡು ಸಲ ಭಟ್ಕಳದಿಂದ ಒಬ್ಬಳು ಬರುತ್ತಿದ್ದಳು. ಮೂವತ್ತೆಂಟರ ಹೆಂಗಸು, ಗಂಡ ದುಬೈನಲ್ಲಿ, ಮಗಳು ಹೈಸ್ಕೂಲಿನಲ್ಲಿ. ತವರುಮನೆ ನಮ್ಮ ಹೊನ್ನಾವರದ ಆಚೆ ಹೊಳೆದಂಡೆಯಲ್ಲಿ. ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಬಂದವಳು ಹಿಂತಿರುಗುವಾಗ ನನ್ನ ಅಂಗಡಿ ಹೊಕ್ಕು ಹೋಗುತ್ತಿದ್ದಳು. ಮನೆಯಲ್ಲಿ ಎರಡು ದೊಡ್ಡ ಫ್ರೀಜರ್ ಇಟ್ಟುಕೊಂಡು ನಿಶ್ಚಿತಾರ್ಥ, ಮದುವೆಗಳಿಗೆ ಐಸ್‌ಕ್ರೀಮ್ ಮಾಡಿಕೊಡುತ್ತಿದ್ದಳು. ಎಳನೀರಿನದು, ಖರ್ಜೂರದ್ದು, ಸಪೋಟದ್ದು. ಅವರ ಮನೆಮಾತು ಭಟ್ಕಳದ ಮುಸ್ಲಿಮರಾಡುವ ನವಾಯತಿ. ನನ್ನ ಜೊತೆ ಕನ್ನಡವನ್ನು ಸ್ವಲ್ಪ ನಿಧಾನಿಸಿ, ಆದರೆ ತಪ್ಪಿಲ್ಲದೆ ಆಡುತ್ತಿದ್ದಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಎರಡನೇ ವರ್ಷದ ಹೊತ್ತಿಗೆ ನಾನೂ ಆಕೆಯನ್ನು ಏಕವಚನದಲ್ಲಿ ಮಾತಾಡಿಸತೊಡಗಿದ್ದೆ.

ಆಕೆಯೂ ದಪ್ಪ. ನನ್ನಂತಲ್ಲ, ಅದರ ಬಗ್ಗೆ ಬಾಯಿಬಿಟ್ಟು ಹೇಳುವವಳು.

"ಅಕ್ಕ, ನಾನು ಸಕ್ಕರೆ ಬಿಟ್ಟು ಒಂದು ವರ್ಷ ಆಯ್ತು. ರಾತ್ರಿ ಅನ್ನ ಇಲ್ಲ. ದಿನಾ ತಾರಸಿ ಮೇಲೆ ಒಂದು ಗಂಟೆ ತಿರುಗ್ತೇನೆ, ಪಕ್ಕದ ಮನೆಯವರು ಗಡಿಯಾರ ನೋಡೋದು ಬಿಟ್ಟು ನನ್ನನ್ನೇ ನೋಡ್ತಾರೆ. ಆದ್ರೂ ನೀರು ಕುಡಿದ್ರೂ ಮೈಗೆ ಹತ್ತುತ್ತೆ."

"ಡಾಕ್ಟರಿಗೆ ತೋರ್ಸಿದ್ಯಾ?"

"ರಕ್ತ ಎಲ್ಲ ನೋಡಿದ್ರು. ಥೈರಾಯ್ಡ್ ಇಲ್ಲ, ಶುಗರ್ ಇಲ್ಲ. ಲಿವರಿನಲ್ಲಿ ಕೊಬ್ಬು ಉಂಟಂತೆ. ಕಡಿಮೆ ತಿನ್ನಿ ಅಂತಾರೆ. ಇನ್ನು ಎಂತ ಕಡಿಮೆ ಮಾಡೋದು?"

ನಾನು ಎಸೆನ್ಸಿನ ಬಾಟಲಿಗಳನ್ನು ಕಾಗದದಲ್ಲಿ ಸುತ್ತಿಕೊಟ್ಟೆ.

ಆ ಚಳಿಗಾಲದಲ್ಲಿ ಅತ್ತೆಯವರು ಕುಮಟೆಯಲ್ಲಿ ನಾದಿನಿಯ ಮನೆಯಲ್ಲಿದ್ದರು. ಅವರಿಗೆ ಕಣ್ಣು ಒಣಗಿ ಉರಿಯುವ ತೊಂದರೆ, ದಿನಕ್ಕೆ ನಾಲ್ಕು ಸಲ ಹನಿ ಬಿಡಬೇಕು. ನಾದಿನಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಏನನ್ನೇ ಕೈಗೆತ್ತಿಕೊಂಡರೂ ಅದರ ಮೇಲಿನ ಸಣ್ಣಕ್ಷರ ಓದದೆ ಬಿಡುವವಳಲ್ಲ. ನಾನು ಒಂದು ಭಾನುವಾರ ಕ್ಲಾಸು ಬಿಟ್ಟು ಅತ್ತೆಯವರನ್ನು ನೋಡಲು ಹೋದಾಗ ಅವಳು ಹನಿಯ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು.

"ಅತ್ತಿಗೆ, ಇದು ನಿಮ್ಮ ಅಂಗಡೀಲಿ ಮಾರೂದೇ ಅಲ್ದಾ?"

"ಎಂತದು?"

"ಆಯಿ ಕಣ್ಣಿಗೆ ಬಿಡೂ ಹನಿ. ಇದ್ರಲ್ಲಿರೂದು ನಿಮ್ಮ ಆ ಗಟ್ಟಿ ಪುಡಿನೇ."

ನನಗೆ ಮೊದಲು ಅಭಿಮಾನವೇ ಆಯಿತು. ಕಣ್ಣಿಗೇ ಬಿಡುತ್ತಾರೆ ಎಂದ ಮೇಲೆ ಒಳ್ಳೆಯ ವಸ್ತುವೇ ಇರಬೇಕು ಅಂದೆ.

"ಕಣ್ಣಿಗೆ ಒಳ್ಳೇದೇ. ಹೊಟ್ಟೆ ವಿಷಯ ಬೇರೆ," ಅಂದಳು. ಆಮೇಲೆ ಬಾಳೆಕಾಯಿ ಹೆಚ್ಚುತ್ತ ಹೇಳಿದಳು. ಅದು ಮರದ, ಹತ್ತಿಯ ನಾರಿನಿಂದ ತೆಗೆದದ್ದು. ನಮ್ಮ ಹೊಟ್ಟೆಗೆ ಅದನ್ನು ಅರಗಿಸಲು ಬರುವುದಿಲ್ಲ. ಹೋದದ್ದು ಹೋದ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ನಮ್ಮದೇ ಆದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಕರುಳಿನ ಗೋಡೆಗೂ ಅವುಗಳಿಗೂ ನಡುವೆ ಲೋಳೆಯ ಒಂದು ಪದರ. ಇಲಿಗಳಿಗೆ ಈ ಪುಡಿಯನ್ನು ನೀರಿನಲ್ಲಿ ಕೊಟ್ಟು ನೋಡಿದಾಗ ಆ ಜೀವಿಗಳ ಗುಂಪೇ ಬದಲಾಗಿ, ಅವು ಲೋಳೆಯೊಳಗೆ ನುಗ್ಗಿ, ಕರುಳು ಸಣ್ಣಗೆ ಉರಿಯತೊಡಗಿತಂತೆ. ಇಲಿಗಳು ಮೊದಲಿಗಿಂತ ಹೆಚ್ಚು ತಿಂದವು, ಮೈಯಲ್ಲಿ ಕೊಬ್ಬು ಹೆಚ್ಚಿತು.

"ಹಾಗಾರೆ ಮನುಷ್ಯರಿಗೆ?"

"ಮನುಷ್ಯರ ಕರುಳಿನ ಜೀವಿಗಳೂ ಬದಲಾಗೂದು ಕಂಡಿದಾರೆ. ಅದ್ರಿಂದ್ಲೇ ದಪ್ಪ ಆಗ್ತಾರೆ ಅಂತ ಯಾರೂ ಖಾತ್ರಿಯಾಗಿ ಹೇಳಿಲ್ಲ. ಸಂಶಯ ಉಂಟು, ಅಷ್ಟೇಯ."

"ಸಂಶಯಕ್ಕೆಲ್ಲ ಅಂಗಡಿ ಮುಚ್ಚೂಕಾಗ್ತದಾ?"

"ಮುಚ್ಚಿ ಅಂತ ನಾ ಅಂದ್ನಾ? ಅರಗದೇ ಇದ್ದದ್ದೆಲ್ಲ ಕೆಟ್ಟದ್ದೂ ಅಲ್ಲ ಅತ್ತಿಗೆ. ಬಸಳೆ ದಂಟಿನ ನಾರೂ ಅರಗೂದಿಲ್ಲ. ಅದು ಹೊಟ್ಟೆಗೆ ಒಳ್ಳೇದು ಮಾಡ್ತದೆ. ಇದು ಹಾಗಲ್ಲದೇ ಇರ್ಬಹುದು ಅಂತ ಹೇಳ್ದೆ."

ಬಸ್ಸಿನಲ್ಲಿ ಹಿಂತಿರುಗುವಾಗ ನನಗೆ ಕಿರಿಕಿರಿಯಾಗುತ್ತಿತ್ತು. ಅದನ್ನು ತಪ್ಪಿತಸ್ಥ ಭಾವ ಎಂದು ಈಗ ಹೇಳಿದರೆ ಚೆಂದ ಕೇಳಿಸಬಹುದು, ಆದರೆ ನಿಜವಾಗಿ ಅದು ಕಿರಿಕಿರಿಯೇ. ನನ್ನ ಅಂಗಡಿಗೆ ಬಂದು ನನ್ನ ಸಾಮಾನಿಗೆ ಹೆಸರಿಟ್ಟಂತೆ. ಮರುದಿನ ಪುಡಿಯ ಮೂಟೆ ಬಿಚ್ಚಿ ಎಂದಿನಂತೆ ಪೊಟ್ಟಣ ಕಟ್ಟಿದೆ.

ಅದಾದ ಮೇಲೆ ಭಟ್ಕಳದವಳು ನಾಲ್ಕು ಸಲ ಬಂದು ಹೋದಳು. ನಾಲ್ಕು ಸಲವೂ ಪುಡಿ ಕೊಂಡಳು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ಖಚಿತವಾಗಿ ಏನಿದೆ ಎಂದು ನನಗೆ ನಾನೇ ಕೇಳಿಕೊಂಡೆ. ಅದು ನಿಜವೂ ಆಗಿತ್ತು, ಅನುಕೂಲವೂ ಆಗಿತ್ತು.

ಐದನೇ ಸಲ ಬಂದಾಗ ಆಕೆ ಸಾಮಾನು ಕೇಳಲಿಲ್ಲ. ಸ್ಟೂಲಿನ ಮೇಲೆ ಕುಳಿತು ನೀರು ಬೇಡಿದಳು. ಬೇರೊಬ್ಬ ಡಾಕ್ಟರನ್ನು ನೋಡಿ ಬಂದಿದ್ದಳು.

"ದಿನಕ್ಕೆ ಎಷ್ಟು ಐಸ್‌ಕ್ರೀಮ್ ತಿಂತೀರಿ ಅಂತ ಕೇಳಿದ್ರು ಅಕ್ಕ. ಮಾಡೋ ಕೆಲಸವೇ ಅದು, ಪ್ರತಿ ಸಲ ಒಂದು ಚಮಚ ರುಚಿ ನೋಡ್ತೇನೆ ಅಂದೆ. ನಕ್ಕರು. ಚಮಚ ಅಂತ ಎಲ್ರೂ ಹೇಳ್ತಾರೆ ಅಂದ್ರು. ಮಗಳು ಪಕ್ಕದಲ್ಲಿದ್ದಳು. ಅವಳೂ ನನ್ನ ಮುಖ ನೋಡಿದಳು, ನಾನು ಕದ್ದು ತಿಂತೇನೋ ಅನ್ನೋ ಹಾಗೆ."

ಆಕೆ ಅಳಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಆಗ ನಾನು ನಾದಿನಿ ಹೇಳಿದ್ದನ್ನೆಲ್ಲ ಹೇಳಿದೆ. ಇಲಿಯ ವಿಷಯ, ಲೋಳೆಯ ವಿಷಯ, ಖಚಿತವಿಲ್ಲ ಎಂಬುದನ್ನೂ ಸೇರಿಸಿಯೇ ಹೇಳಿದೆ. ಆಕೆ ಗಲ್ಲೆಯ ಪಕ್ಕ ತೂಗುತ್ತಿದ್ದ ಪೊಟ್ಟಣಗಳನ್ನು ನೋಡಿದಳು.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಎರಡು ತಿಂಗಳಾತು."

"ನಾನು ಅದರ ನಂತರವೂ ತಗೊಂಡೆ ಅಲ್ವಾ?"

"ಹೌದು."

ಆಕೆ ಲೋಟವನ್ನು ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಏನನ್ನೂ ಕೊಳ್ಳಲಿಲ್ಲ. ಮುಂದಿನ ತಿಂಗಳು ಬರಲೂ ಇಲ್ಲ. ರಂಜಾನ್ ತಿಂಗಳು, ಉಪವಾಸವಿರುತ್ತದೆ, ಓಡಾಟ ಕಡಿಮೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹಿಂದಿನ ರಂಜಾನ್‌ಗಳಲ್ಲಿ ಆಕೆ ನನ್ನ ಅಂಗಡಿಯ ದೊಡ್ಡ ಗಿರಾಕಿಯಾಗಿದ್ದಳು ಎಂಬುದು ನನಗೆ ಮರೆತಿರಲಿಲ್ಲ.

ಹಬ್ಬ ಕಳೆದು ಹತ್ತು ದಿನಕ್ಕೆ ಒಂದು ಗುರುವಾರ ಮಧ್ಯಾಹ್ನ ಬಂದಳು. ಡಬ್ಬಿಯಲ್ಲಿ ಹಬ್ಬದ ಸಿಹಿ ತಂದಿದ್ದಳು. ಕುಳಿತವಳೇ ಹೇಳಿದಳು.

"ನೋಡುವಾ ಅಕ್ಕ. ಮೂರು ತಿಂಗಳು ನಾನು ಆ ಪುಡಿ ಬಾಯಿಗೆ ಹಾಕೋದಿಲ್ಲ. ನೀವೂ ಹಾಕಬೇಡಿ. ಮಾರಿದವರೂ ತಿಂದವರೂ ಒಟ್ಟಿಗೆ ನೋಡುವಾ."

ಒಪ್ಪಿಕೊಳ್ಳದಿರಲು ನನಗೆ ಕಾರಣ ಸಿಗಲಿಲ್ಲ. ಹೊರಗೆ ಬಿಸಿಲು ಜೋರಿತ್ತು, ರಸ್ತೆಯಲ್ಲಿ ಜನ ಇರಲಿಲ್ಲ. ಶಟರ್ ಅರ್ಧ ಎಳೆದೆ. ಆಕೆ ಬುರ್ಖಾ ತೆಗೆದು ಮಡಚಿ ಸಕ್ಕರೆ ಮೂಟೆಯ ಮೇಲಿಟ್ಟಳು. "ಇದರ ಭಾರ ನನ್ನ ಲೆಕ್ಕಕ್ಕೆ ಹಿಡೀಬೇಡಿ," ಅಂದಳು. ನಾನು ಚಪ್ಪಲಿ ಬಿಟ್ಟೆ, ಸೊಂಟದ ಬೀಗದ ಕೈ ಗೊಂಚಲು ತೆಗೆದಿಟ್ಟೆ. ಒಬ್ಬರಾದ ಮೇಲೆ ಒಬ್ಬರು ಕಾಟಾ ಹತ್ತಿದೆವು. ನಾನು ಎಂಬತ್ತಮೂರು, ಆಕೆ ಎಂಬತ್ತಾರು. ರಟ್ಟಿನ ಮೇಲೆ ಬರೆದು ಗೋಡೆಯ ಮೊಳೆಗೆ ಹಾಕಿದೆ, ಹೆಸರು ಬರೆಯಲಿಲ್ಲ. ಇಳಿಯುವಾಗ ಆಕೆಗೆ ನಗು ಬಂತು. ನನಗೂ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು, ಹೊರಗೆ ಕೇಳಿಸಬಾರದೆಂದು.

ನಾದಿನಿಗೆ ಫೋನಿನಲ್ಲಿ ಹೇಳಿದಾಗ ಅವಳು ಪಾಠದ ದನಿಯಲ್ಲಿ ಹೇಳಿದಳು. "ಇದು ಪರೀಕ್ಷೆಯೇ ಅಲ್ಲ ಅತ್ತಿಗೆ. ಎರಡು ಜನ, ಹೋಲಿಸೂಕೆ ಯಾರೂ ಇಲ್ಲ. ಇದ್ರಿಂದ ಎಂತದೂ ತಿಳಿಯೂದಿಲ್ಲ." ಆದರೆ ಯಾವ ಯಾವ ಪೊಟ್ಟಣಗಳ ಮೇಲೆ ಯಾವ ಹೆಸರಿನಲ್ಲಿ ಅದು ಅಡಗಿರುತ್ತದೆ ಎಂದು ಅರ್ಧ ಗಂಟೆ ಕೂತು ಬರೆಸಿದಳು.

ಬಿಡುವುದು ಎಣಿಸಿದಷ್ಟು ಸುಲಭವಿರಲಿಲ್ಲ. ಅಂಗಡಿಯ ಐಸ್‌ಕ್ರೀಮು, ಸಾಸು, ಕ್ರೀಮಿನ ಕೇಕು, ಪೆಟ್ಟಿಗೆಯ ಹಣ್ಣಿನ ರಸ, ಎಲ್ಲದರಲ್ಲೂ ಅದೋ ಅದರ ಅಣ್ಣತಮ್ಮಂದಿರೋ ಇದ್ದರು. ಭಾನುವಾರದ ಕ್ಲಾಸಿನಲ್ಲಿ ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ರುಚಿ ನೋಡುವುದನ್ನು ತಪ್ಪಿಸಿಕೊಂಡೆ. ನಾಲ್ಕು ಗಂಟೆಗೆ ಚಹಾದ ಜೊತೆ ತಿನ್ನುತ್ತಿದ್ದ ಕೇಕಿನ ತುಂಡಿನ ಬದಲು ಹುರಿದ ಶೇಂಗಾ ತಿಂದೆ.

ಆಕೆಯ ಕಷ್ಟ ಬೇರೆ. ಪುಡಿಯಿಲ್ಲದೆ ಐಸ್‌ಕ್ರೀಮ್ ಮಾಡಿ ನೋಡಬೇಕಿತ್ತು. ಮೊದಲ ಸಲ ಮಾಡಿದ್ದು ಕಲ್ಲಿನ ಹಾಗಾಯಿತು, ಬಾಯಿಯಲ್ಲಿ ಕರಕರ ಅನ್ನುತ್ತಿತ್ತು. ಕೂವೆ ಹಿಟ್ಟು ಹಾಕಿ ಮಾಡಿದ್ದು ಅಂಟಂಟು. ಕೊನೆಗೆ ಅವರ ಅಜ್ಜಿ ಪುಡಿಂಗ್ ಮಾಡುತ್ತಿದ್ದ ರೀತಿಯಲ್ಲಿ ಮೊಟ್ಟೆಯ ಹಳದಿಯನ್ನು ಹಾಲಿನಲ್ಲಿ ಸಣ್ಣ ಉರಿಯ ಮೇಲೆ ಕದಡಿ ಗಟ್ಟಿ ಮಾಡಿಕೊಂಡು, ಏಲಕ್ಕಿ ಹಾಕಿ, ತಣ್ಣಗಾಗಿಸಿ ಮಾಡಿದಳು. ಅದು ಹದಕ್ಕೆ ಬಂತು. ಒಂದು ಥರ್ಮೋಸಿನಲ್ಲಿ ಮಂಜುಗಡ್ಡೆ ತುಂಬಿ ಅದರ ನಡುವೆ ಬಟ್ಟಲಿಟ್ಟು ನನಗೆ ತಂದುಕೊಟ್ಟಳು. ರೇಷ್ಮೆಯ ಹಾಗಿರಲಿಲ್ಲ. ಬಾಯಿಗಿಟ್ಟ ಕೂಡಲೇ ಹಾಲಾಗಿ ಹೋಗುತ್ತಿತ್ತು. ರುಚಿ ಮಾತ್ರ ಬಹಳ ಹೊತ್ತು ಇತ್ತು.

ಮೇ ತಿಂಗಳಲ್ಲಿ ಭಟ್ಕಳದಲ್ಲೇ ಒಂದು ನಿಶ್ಚಿತಾರ್ಥಕ್ಕೆ ಇದನ್ನೇ ಮಾಡಿಕೊಡಲು ಧೈರ್ಯ ಮಾಡಿದಳು. ಮುನ್ನೂರು ಬಟ್ಟಲು. ಊಟ ಒಂದು ಗಂಟೆಗೆ ಎಂದಿದ್ದರು, ವರನ ಕಡೆಯವರು ಬಂದದ್ದು ಎರಡೂವರೆಗೆ. ಅಷ್ಟರಲ್ಲಿ ಕರೆಂಟು ಹೋಗಿ ಬಂದು ಮಾಡಿತು. ಬಟ್ಟಲು ಹಂಚುವಾಗ ಅರ್ಧಕ್ಕರ್ಧ ಪಾಯಸವಾಗಿತ್ತು. ವಧುವಿನ ತಾಯಿ ಜನರ ಎದುರಿಗೆ ಏನೂ ಅನ್ನಲಿಲ್ಲವಂತೆ. ಒಳಗೆ ಕರೆದು, "ನಿನ್ನ ಕೈ ರುಚಿ ನಂಬಿ ಹೇಳಿದ್ವಿ, ಮರ್ಯಾದೆ ಹೋಯ್ತು," ಅಂದರಂತೆ. ಡಾಕ್ಟರು ನಕ್ಕದ್ದಕ್ಕಿಂತ ಇದು ಆಕೆಗೆ ಹೆಚ್ಚು ನಾಟಿತ್ತು.

"ಪುಡಿ ಕೊಡಿ ಅಕ್ಕ," ಅಂದಳು. "ನಾನು ತಿನ್ನೋದಿಲ್ಲ. ಆದ್ರೆ ಮದುವೆಗೆ ಅದಿಲ್ಲದೆ ಆಗೋದಿಲ್ಲ."

"ನಿನಗೆ ಬೇಡಾದ್ದನ್ನು ಬೇರೆಯವ್ರಿಗೆ ಕೊಡೂಕೆ ಮನಸ್ಸು ಬತ್ತದಾ?" ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

ಆಕೆ ನನ್ನನ್ನು ನೇರವಾಗಿ ನೋಡಿದಳು. "ನಿಮಗೆ ಬರ್ತದಲ್ಲ?"

ನಾನು ಪೊಟ್ಟಣ ಕೊಟ್ಟೆ. ಲೀಟರಿಗೆ ಅರ್ಧ ಚಮಚದ ಮೇಲೆ ಹಾಕಬೇಡ ಅಂದೆ. ಆಗಲೇ ಆಕೆ ಹೇಳಿದಳು, ಇಷ್ಟು ದಿನ ಎರಡು ಚಮಚ ಹಾಕುತ್ತಿದ್ದೆನೆಂದು. ಬೇಗ ಕರಗದಿರಲಿ ಎಂದು. ಅಳತೆಯನ್ನು ನಾನು ಯಾರಿಗೂ ಹೇಳಿಯೇ ಇರಲಿಲ್ಲ.

ಮೂರು ತಿಂಗಳು ಮುಗಿದಾಗ ಮಳೆಗಾಲ ಹಿಡಿದಿತ್ತು. ಶಟರ್ ಎಳೆಯುವ ಅಗತ್ಯವೇ ಇರಲಿಲ್ಲ, ಮಳೆಯೇ ಬಾಗಿಲಿಗೆ ಪರದೆಯಂತೆ ಸುರಿಯುತ್ತಿತ್ತು. ನಾನು ಎಪ್ಪತ್ತೆಂಟೂವರೆಗೆ ಇಳಿದಿದ್ದೆ. ಆಕೆ ಎಂಬತ್ತೈದು. ಒಂದೇ ಕಿಲೋ. ಆಕೆ ಕಾಟಾದ ಮೇಲೆ ನಿಂತೇ ಇದ್ದಳು, ಸಂಖ್ಯೆ ಬದಲಾಗಬಹುದೆಂಬಂತೆ.

"ನಿಮಗೆ ಕೆಲಸ ಮಾಡಿತು," ಅಂದಳು.

ಮಾಡಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಪುಡಿಯನ್ನು ಮಾತ್ರ ಬಿಟ್ಟಿರಲಿಲ್ಲ, ಅದರ ಜೊತೆಗಿದ್ದ ಸಕ್ಕರೆ, ಬೆಣ್ಣೆ, ಮೈದಾವನ್ನೂ ಬಿಟ್ಟಿದ್ದೆ. ಆಕೆ ಅವುಗಳನ್ನು ಮೊದಲೇ ಬಿಟ್ಟಿದ್ದವಳು. ಅದನ್ನೇ ಹೇಳಿದೆ. ಆಕೆ ಕಾಟಾದಿಂದ ಇಳಿದಳು. ಆಮೇಲೆ ಬೇರೇನೋ ಹೇಳಿದಳು. ಎಷ್ಟೋ ವರ್ಷದಿಂದ ಸಂಜೆಯ ಹೊತ್ತಿಗೆ ಹೊಟ್ಟೆ ಉಬ್ಬಿಕೊಂಡು ನೋಯುತ್ತಿತ್ತಂತೆ. ದಪ್ಪ ಇರುವವರಿಗೆ ಹಾಗೇ ಎಂದುಕೊಂಡು ಯಾರಿಗೂ ಹೇಳಿರಲಿಲ್ಲವಂತೆ. ಅದು ಎರಡನೇ ತಿಂಗಳಲ್ಲೇ ನಿಂತಿತ್ತು.

"ಮೊದಲೇ ಯಾಕೆ ಹೇಳ್ಲಿಲ್ಲ?"

"ತೂಕ ನೋಡೋದು ಅಂತ ಅಲ್ವಾ ಮಾತಾಗಿದ್ದು?"

ನಾದಿನಿಗೆ ಇದನ್ನು ಹೇಳಿದಾಗ ಅವಳು ಈ ಸಲ ಪಾಠ ಮಾಡಲಿಲ್ಲ. "ಇದ್ರಿಂದ ಎಂತದೂ ಸಾಬೀತಾಗೂದಿಲ್ಲ," ಅಂದಳು. "ಆದ್ರೆ ಅವ್ರು ಇನ್ನು ಅದನ್ನ ತಿನ್ನೂದು ಬೇಡ," ಅಂದಳು.

ನಾನು ಪುಡಿ ಮಾರುವುದನ್ನು ಬಿಟ್ಟಿಲ್ಲ. ಗಲ್ಲೆಯ ಪಕ್ಕದಿಂದ ತೆಗೆದು ಒಳಗಿಟ್ಟೆ. ಕೇಳಿದವರಿಗೆ ಕೊಡುತ್ತೇನೆ. ಪೊಟ್ಟಣದ ಮೇಲೆ ಅಳತೆ ಬರೆದು ಅಂಟಿಸುತ್ತೇನೆ, ದಿನಾ ತಿನ್ನುವುದಕ್ಕಲ್ಲ ಎಂದು ಬಾಯಲ್ಲಿ ಹೇಳುತ್ತೇನೆ. ಕೆಲವರು ಯಾಕೆ ಎನ್ನುತ್ತಾರೆ, ತಿಳಿದಷ್ಟು ಹೇಳುತ್ತೇನೆ. ಹೆಚ್ಚಿನವರು ಕೇಳುವುದಿಲ್ಲ. ಭಾನುವಾರದ ಕ್ಲಾಸಿನಲ್ಲಿ ಮೊಟ್ಟೆಯ ಹಳದಿಯ ಐಸ್‌ಕ್ರೀಮನ್ನೂ ಕಲಿಸುತ್ತೇನೆ, ಮೊಟ್ಟೆ ಮುಟ್ಟದ ಮನೆಯವರು ಆ ದಿನ ಬರುವುದಿಲ್ಲ. ನನ್ನ ತೂಕದಲ್ಲಿ ಎರಡು ಕಿಲೋ ಮರಳಿ ಬಂದಿದೆ.

ಮಳೆ ಬಿಟ್ಟ ಮೇಲೆ ಆಕೆಯ ಗಂಡ ರಜೆಯಲ್ಲಿ ಬಂದಿದ್ದಾಗ ನನ್ನನ್ನು ಊಟಕ್ಕೆ ಕರೆದಳು. ನಾಲ್ಕು ವರ್ಷದ ಪರಿಚಯದಲ್ಲಿ ನಾನು ಭಟ್ಕಳದ ಆಕೆಯ ಮನೆಗೆ ಹೋದದ್ದು ಅದೇ ಮೊದಲು. ಬಿರಿಯಾನಿಯ ತಟ್ಟೆಯನ್ನು ಮಗಳು ತಂದಿಟ್ಟಳು. ತಾಯಿಗೆ ಮೊದಲು ಬಡಿಸಿ, ಸಾಕು ಎಂದರೂ ಕೇಳದೆ ಇನ್ನೊಂದು ಸೌಟು ಹಾಕಿ, "ಅಮ್ಮಿ ಏನೂ ತಿನ್ನೋದೇ ಇಲ್ಲ ಆಂಟಿ," ಎಂದು ನನಗೆ ದೂರು ಹೇಳಿದಳು. ಆಕೆ ಮಗಳ ಕಡೆ ನೋಡಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಊಟವಾದ ಮೇಲೆ ತಾರಸಿಗೆ ಹೋದೆವು. ದೂರದಲ್ಲಿ ಬಂದರಿನ ದೋಣಿಗಳು ಕಾಣುತ್ತಿದ್ದವು. ಇಬ್ಬರೂ ನಿಧಾನವಾಗಿ ನಾಲ್ಕು ಸುತ್ತು ಹಾಕಿ, ಕಾಲು ನೋಯತೊಡಗಿದಾಗ ನೀರಿನ ಟಾಕಿಯ ನೆರಳಿನಲ್ಲಿ ಕುಳಿತೆವು.